ಜವಾಬಿಲ್ಲದ ಪ್ಲೇಟು

ಇಳಕಲ್ಲ, ೩ ಫೆಬ್ರವರಿ ೧೯೧೦, ಗುರುವಾರ

ಈ ವಹಿ ತಂದದ್ದು ಹಾಡು ಬರೆಯಲಿಕ್ಕೆ. ಎರಡು ತಿಂಗಳಾಯಿತು, ಒಂದು ನುಡಿಯೂ ಹುಟ್ಟಿಲ್ಲ. ಹಾಳೆ ಸುಮ್ಮನೆ ಹಳದಿಯಾಗುವ ಬದಲು ದಿನದ ಸುದ್ದಿಯನ್ನಾದರೂ ಬರೆದಿಡೋಣ ಅಂತ ಕೂತಿದ್ದೇನೆ. ಕನ್ನಡ ಸಾಲೆಯಲ್ಲಿ ನಾಲ್ಕು ಇಯತ್ತೆ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ಮನೆಯಲ್ಲಿ ಇದನ್ನು ಓದುವವರು ಯಾರೂ ಇಲ್ಲ. ಹೆಂಡತಿ ಜೈನಬಿಗೆ ಅಕ್ಷರ ಬರುವುದಿಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು.

ಇವತ್ತು ಕೆರೂರಿನಿಂದ ಮಾಳಪ್ಪ ಹೇಳಿ ಕಳಿಸಿದ್ದಾನೆ. ನಮ್ಮ ಹಾಡು ತುಂಬಿದ ಗ್ರಾಮೊಫೋನಿನ ಪ್ಲೇಟು ಬಾಗಲಕೋಟೆಗೆ ಬಂದಿದೆಯಂತೆ.

ಹೋದ ದಸರೆಯ ಮುಂದೆ ನಾವಿಬ್ಬರೂ ಬೆಳಗಾವಿಗೆ ಹೋಗಿ, ಒಂದು ಕೋಣೆಯ ಗೋಡೆಯಿಂದ ಚಾಚಿದ್ದ ತಗಡಿನ ತುತ್ತೂರಿಯೊಳಗೆ ಮುಖವಿಟ್ಟು ಹಾಡಿ ಬಂದಿದ್ದೆವು. ಬಿಳಿಯ ಸಾಹೇಬನೊಬ್ಬ ಗಡಿಯಾರ ಹಿಡಿದು ನಿಂತಿದ್ದ. ಬೆಳಗಾಗುವ ತನಕ ಹಾಡುವ ನಮಗೆ ಅವನು ಕೊಟ್ಟದ್ದು ಮಾಳಪ್ಪನಿಗೆ ಮೂರು ಮಿನಿಟು, ನನಗೆ ಮೂರು ಮಿನಿಟು. "ಮೂರ ಮಿನಿಟಿನ್ಯಾಗ ನಾ ದೇವರಿಗೆ ಕೈ ಮುಗದ ಮುಗಿಯೂದಿಲ್ಲೋ" ಅಂದಿದ್ದ ಮಾಳಪ್ಪ. ಆದರೂ ಮುಗಿಸಿದ.

ಮಾಳಪ್ಪ ಕುರಿಯವರ ಮನೆಯವನು, ಬೀರಪ್ಪನ ಒಕ್ಕಲು. ನಾನು ಮಗ್ಗದವನು. ಅವನದು ಹರದೇಶಿ, ಅಂದರೆ ಗಂಡು ಹೆಚ್ಚು ಅಂತ ಹಾಡುವ ಪಕ್ಷ. ನನ್ನದು ನಾಗೇಶಿ, ಹೆಣ್ಣು ಹೆಚ್ಚು ಅನ್ನುವ ಪಕ್ಷ. ಅವನು ಸವಾಲು ಹಾಕುತ್ತಾನೆ, ನಾನು ಅದೇ ಬೈಠಕಿನಲ್ಲಿ ಜವಾಬು ಕೊಡುತ್ತೇನೆ. ಜವಾಬು ಕೊಡದೆ ಎದ್ದುಹೋದ ಹಾಡುಗಾರನನ್ನು ಆ ಊರು ಮತ್ತೆ ಕರೆಯುವುದಿಲ್ಲ. ನಮ್ಮ ಕಡೆ ಇದೇ ಕಟ್ಟು. ಹನ್ನೆರಡು ವರ್ಷಗಳಲ್ಲಿ ನಾನು ಒಂದು ಊರಲ್ಲೂ ಹಾಗೆ ಎದ್ದವನಲ್ಲ.

ಬೆಳಗಾವಿಯಲ್ಲಿ ಮಾಳಪ್ಪ ಹಾಕಿದ ಸವಾಲು ಇದು:

ಹೊಲ ಯಾರ ಉತ್ತಾರ, ಬೀಜ ಯಾರ ಬಿತ್ಯಾರ,
ಬೆಳಿ ಯಾರ ಹೆಸರ ಹೇಳತೈತಿ?
ಒಂಬತ್ತು ತಿಂಗಳ ಹೊತ್ತರ ಏನಾತು,
ಕೂಸು ಯಾರ ಹೆಸರ ಹೇಳತೈತಿ?

ನನ್ನ ಜವಾಬನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ತಿಂಗಳಲ್ಲಿ ಅದು ಎಲ್ಲರ ಬಾಯಲ್ಲೂ ಇರುತ್ತದೆ, ಬರೆದು ಏಕೆ ಮಸಿ ಖರ್ಚು ಮಾಡಲಿ? ಪ್ಲೇಟಿನ ಹಾಡಾದ್ದರಿಂದ ಮಾಳಪ್ಪ ಸವಾಲನ್ನು ಮೊದಲೇ ಹೇಳಿದ್ದ; ಮನೆಯಲ್ಲಿ ಜವಾಬು ಕಟ್ಟುವಾಗ ಜೈನಬಿಯೂ ಕಂಡಿಕೆಗೆ ನೂಲು ಸುತ್ತುತ್ತ ಒಂದೆರಡು ಮಾತು ಕೂಡಿಸಿದ್ದಳು.

ಸುದ್ದಿ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: "ಪೂರಾ ಬಂದೈತೇನ್ರಿ?"

ಬಾಗಲಕೋಟೆ, ೯ ಫೆಬ್ರವರಿ, ಬುಧವಾರ

ಬಂಡಿಯಲ್ಲಿ ಬಂದು ಸೊಂಟ ಹಿಡಿದಿದೆ. ಅದಕ್ಕಿಂತ ದೊಡ್ಡ ನೋವು ಬೇರೆ.

ಹಾಡುವ ಪೆಟ್ಟಿಗೆ ಅಮಾತೆಪ್ಪನದು. ಮೊದಲು ಸಂತೆ ಸಂತೆ ತಿರುಗಿ ಕನ್ನಡಿ, ಬಾಚಣಿಕೆ ಮಾರುತ್ತಿದ್ದ. ಈಗ ಪೆಟ್ಟಿಗೆಯನ್ನು ಸೊಸೆಯನ್ನು ಕರೆತಂದ ಹಾಗೆ ಜಮಖಾನದ ಮೇಲೆ ಕೂರಿಸಿ, ತಾನು ಪಕ್ಕದಲ್ಲಿ ರುಮಾಲು ಸುತ್ತಿಕೊಂಡು ನಿಲ್ಲುತ್ತಾನೆ. ಪೇಟೆಯ ತುಂಬ ಜನ. ಮಾಳಪ್ಪನೂ ನಾನೂ ಹಿಂದೆ, ಒಂದು ಅಂಗಡಿಯ ಕಟ್ಟೆಯ ಮೇಲೆ ನಿಂತೆವು.

ಅಮಾತೆಪ್ಪ ಕೀಲಿ ತಿರುವಿ ಮುಳ್ಳು ಇಟ್ಟ. ಕರಕರ ಸದ್ದು. ಆಮೇಲೆ ಮಾಳಪ್ಪ! ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತವನು ಅಲ್ಲಿ ಪೆಟ್ಟಿಗೆಯೊಳಗೆ ಹಾಡುತ್ತಿದ್ದ. ಅವನು ನನ್ನ ತೋಳು ಹಿಡಿದುಕೊಂಡ. "ಲೇ ಹುಸೇನಾ, ಇದು ನಮ್ಮಪ್ಪನ ದನಿ ಐತಲ್ಲೋ" ಅಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಖುಷಿಯಾಯಿತು, ಸುಳ್ಳು ಬರೆಯುವುದೇಕೆ? ಅವನ ಹಿಂದೆ "ಗೀಯ ಗೀಯ" ಅಂತ ಸೊಲ್ಲು ಹಿಡಿದ ನನ್ನ ದನಿಯೂ ಸಣ್ಣಗೆ ಕೇಳಿಸುತ್ತಿತ್ತು.

ಸವಾಲು ಮುಗಿಯಿತು. ಜನ ಹೋ ಅಂದರು. ನಾನು ರುಮಾಲು ಸರಿಮಾಡಿಕೊಂಡೆ, ಇನ್ನು ನನ್ನದು ಅಂತ. ಅಮಾತೆಪ್ಪ ಪ್ಲೇಟು ತೆಗೆದು ಅರಿವೆಯಲ್ಲಿ ಸುತ್ತಿಟ್ಟು ಯಾವುದೋ ನಾಟಕದ ಹಾಡು ಹಚ್ಚಿದ.

ಜನ ಕರಗಿದ ಮೇಲೆ ಹೋಗಿ ಕೇಳಿದೆ. "ಜವಾಬ ಎಲ್ಲೈತಿ?"

"ಕಂಪನಿಯವ್ರು ಕಳಿಸಿದ್ದು ಇದೊಂದರಿ" ಅಂದ. "ನನ್ನ ಹಂತೇಕ ಇಪ್ಪತ್ತು ಪ್ಲೇಟ ಅದಾವು. ಒಂದು ಪ್ಲೇಟಿಗೆ ಒಂದು ಹಾಡ. ನಿಮ್ದು ಬಂದಿಲ್ಲ."

ಹೊರಡುವಾಗ ಇಬ್ಬರು ಹಮಾಲರು ಮಾತಾಡುತ್ತ ಹೋಗುತ್ತಿದ್ದರು. "ಎಂಥಾ ಸವಾಲ ಒಗದಾನ ನೋಡು. ನಾಗೇಶಿಯವ ಬಾಯಿನ ತಗೀಲಿಲ್ಲ!" ಮಾಳಪ್ಪ ಕೇಳಿಯೂ ಕೇಳದವನಂತೆ ಮುಂದೆ ಹೋದ.

ಇಳಕಲ್ಲ, ೨೭ ಫೆಬ್ರವರಿ

ಅಮಾತೆಪ್ಪ ಬಂಡಿ ಕಟ್ಟಿಕೊಂಡು ಊರೂರು ತಿರುಗುತ್ತಿದ್ದಾನೆ. ಅವನು ಹೋದಲ್ಲೆಲ್ಲ ಆ ಸವಾಲು. ಹಾಡು ಅವನಿಗಿಂತ ಮುಂದೆ ಓಡಿ ಬಂದು ನಮ್ಮ ಓಣಿಗೂ ಮುಟ್ಟಿದೆ. ಬಾವಿಯ ಹತ್ತಿರ ಅದೇ, ಮಗ್ಗದ ಸಪ್ಪಳದ ನಡುವೆ ಅದೇ. ನಿನ್ನೆ ಕ್ಷೌರಕ್ಕೆ ಕೂತಿದ್ದೆ. ಕತ್ತಿ ನನ್ನ ಗಂಟಲ ಮೇಲಿದ್ದಾಗ ಕ್ಷೌರದವನು "ಕೂಸು ಯಾರ ಹೆಸರ ಹೇಳತೈತಿ" ಅಂತ ಎಳೆದ. ಏನೆನ್ನಲಿ, ಗಂಟಲು ಅವನ ಕೈಯಲ್ಲಿತ್ತು.

ಜೈನಬಿಗೆ ನಿಜ ಹೇಳಿಲ್ಲ. ಬಂದ ದಿನ ಕೇಳಿದಳು, ಜವಾಬು ಹೇಗೆ ಬಂದಿದೆ ಅಂತ. "ಗದ್ದಲದಾಗ ಸರಿ ಕೇಳಿಸ್ಲಿಲ್ಲ" ಅಂದೆ. ಅವಳು ಮತ್ತೆ ಕೇಳಲಿಲ್ಲ. ಅವಳು ಬೈಠಕಿಗೆ ಬಂದವಳಲ್ಲ, ಬರುವ ಪದ್ಧತಿಯೂ ನಮ್ಮಲ್ಲಿಲ್ಲ. ನಾನು ಹಾಡುವುದನ್ನು ನಾಲ್ಕು ಜನರ ನಡುವೆ ಕೂತು ಕೇಳಿದವಳೇ ಅಲ್ಲ.

ಕೆರೂರ, ೧೫ ಮಾರ್ಚ್, ಮಂಗಳವಾರ

ಇವತ್ತು ಒಂದು ತೀರ್ಮಾನ ಮಾಡಿಕೊಂಡೇ ಬಂದೆ. ಪೆಟ್ಟಿಗೆ ಕೊಡದ ಜವಾಬನ್ನು ನನ್ನ ಬಾಯಿ ಕೊಡಲಿ. ಸಂತೆಯ ಬಯಲಲ್ಲಿ, ಬೇವಿನ ಗಿಡದ ಕೆಳಗೆ, ನಡುಹಗಲಲ್ಲಿ ತುಂತುಣಿ ಹಿಡಿದು ನಿಂತೆ. ಮಾಳಪ್ಪ ದಪ್ಪು ಬಾರಿಸಿದ. ಜನ ಕೂಡಿದರು. ನಾನು ಎತ್ತಿದೆ:

ಪ್ಯಾಟ್ಯಾಗ ಸೀರಿಗೆ ಸಾವಕಾರನ ಹೆಸರ,
ನೇದ ಕೈ ಯಾವದಂತ ಕೇಳವರ ಯಾರ?

ಅಷ್ಟರಲ್ಲೇ ಕನಕಪ್ಪಜ್ಜ ಕೋಲೆತ್ತಿದ. ಹರದೇಶಿ ನಾಗೇಶಿ ಪಂದ್ಯಗಳಿಗೆ ಸುತ್ತ ಹತ್ತು ಊರಿಗೆ ಅವನೇ ಪಂಚ. ಎಂಬತ್ತರ ಮುದುಕ, ಅವನ ಮಾತಿಗೆ ಎದುರಿಲ್ಲ.

"ನಿಲ್ಲಸು. ಸವಾಲ ಯಾವಾಗ ಹಾಕ್ಯಾನ?"

"ದಸರಿ ಮುಂದ, ಅಜ್ಜ. ಅವತ್ತ ಜವಾಬ ಕೊಟ್ಟೇನಿ. ಪೆಟ್ಟಿಗ್ಯಾಗ ಬಂದಿಲ್ಲ."

"ಪೆಟ್ಟಿಗಿ ಮಾಳಪ್ಪಂದ ಹೇಳತೈತಿ, ನಿಂದ ಹೇಳೂದಿಲ್ಲೇನು? ಅದಕ್ಕೇನು ನಿನ್ನ ಮ್ಯಾಲ ಹಗಿ ಐತೇನು?" ಜನ ನಕ್ಕರು. ಅಜ್ಜ ನಗಲಿಲ್ಲ. "ಅವತ್ತಿಂದ ಅವತ್ತ ಕೊಟ್ರ ಜವಾಬ. ಆರು ತಿಂಗಳ ಮನ್ಯಾಗ ಕುಂತು ಕಟ್ಟಿಕೊಂಡು ಬಂದದ್ದು ಜವಾಬ ಅಲ್ಲಪ, ಅರ್ಜಿ."

ಮಾಳಪ್ಪ ಮುಂದೆ ಬಂದು ಬೀರಪ್ಪನ ಆಣೆ ಇಟ್ಟ. "ಅಜ್ಜಾ, ನನ್ನ ಕಿವಿಲೆ ಕೇಳೇನಿ. ಕೊಟ್ಟಾನ. ನಾ ಅವನ ಹಿಂದ ಸೊಲ್ಲು ಹಿಡದೇನಿ."

"ಗೆದ್ದವ ಸೋತವನ ಮಾನ ಕಾಯ್ತಾನ, ಛಲೋ ಮನಿಷಾ ನೀ" ಅಂತ ಅಜ್ಜ ಅವನ ಬೆನ್ನು ಚಪ್ಪರಿಸಿದ. ಜನರಿಗೆ ಮಾಳಪ್ಪನ ಮೇಲೆ ಇನ್ನೂ ಪ್ರೀತಿ ಹುಟ್ಟಿತು. ನನ್ನ ತುಂತುಣಿಯ ತಂತಿ ಸಡಿಲಿಸಿ ಚೀಲಕ್ಕೆ ಹಾಕಿದೆ.

ನಾನು ಕಾಲಿಡದ ಊರುಗಳಲ್ಲೂ ನನ್ನನ್ನು ಸೋಲಿಸಿ ಬರುತ್ತಿದೆ ಆ ಪೆಟ್ಟಿಗೆ. ಇದಕ್ಕೆ ಯಾರ ಹತ್ತಿರ ನ್ಯಾಯ ಕೇಳುವುದು?

ಇಳಕಲ್ಲ, ೧೮ ಮಾರ್ಚ್

ನೇಯ್ದೆ. ಬೇರೇನೂ ಇಲ್ಲ.

೧೦ ಏಪ್ರಿಲ್, ಭಾನುವಾರ

ಮಾಳಪ್ಪ ಬಂದಿದ್ದ. ಅವನಿಗೆ ಬಾದಾಮಿಯಿಂದ ಕರೆ ಬಂದಿದೆ, ಹುನಗುಂದದಿಂದಲೂ. ಎದುರಿಗೆ ಬೇರೆ ನಾಗೇಶಿಯವನನ್ನು ಕೂರಿಸುತ್ತಾರಂತೆ. ನನ್ನನ್ನು ಬಿಟ್ಟು ಹೋಗುವುದೋ ಬೇಡವೋ ಅಂತ ಕೇಳಲಿಕ್ಕೆ ಅಷ್ಟು ದೂರ ನಡೆದು ಬಂದಿದ್ದ. ನನಗೋ ಅವನು ತನ್ನ ಗೆಲುವು ತೋರಿಸಲಿಕ್ಕೆ ಬಂದ ಹಾಗೆ ಕಂಡಿತು.

"ಹೋಗು, ಹೋಗು. ಪೆಟ್ಟಿಗ್ಯಾಗ ಒಬ್ಬನ ಹಾಡಿ ರೂಢಿ ಆಗೇತಲ್ಲ ನಿನಗ" ಅಂದೆ.

"ಏನ ಮಾತಾಡ್ತೀಯೋ ಹುಸೇನಾ? ಪ್ಲೇಟ ನಾ ಮಾಡೇನೇನು?"

"ಕಂಪನಿ ಏಜಂಟಗ ನೀ ಏನ ಹೇಳಿದಿಯೋ, ಯಾಂವ ಬಲ್ಲ."

ಅವನ ಮುಖ ಕಪ್ಪಿಟ್ಟಿತು. ಅವನು ಜಗಳಗಂಟನಲ್ಲ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಬಾಗಿಲಲ್ಲಿ ನಿಂತು, ಒಳಗೆ ರಾಟೆ ತಿರುವುತ್ತಿದ್ದ ಜೈನಬಿಯ ಕಡೆ ಕೈ ತೋರಿಸಿ, ಮೆಲ್ಲಗೆ ಅಂದ: "ಆ ಜವಾಬ ಯಾರ ಕಟ್ಯಾರ ಅನ್ನೂದು ನನಗೂ ಗೊತ್ತೈತಿ, ನಿನಗೂ ಗೊತ್ತೈತಿ. ಕಟ್ಟಿದಾಕಿ ಸುಮ್ಮನ ಕುಂತಾಳ. ನೀ ಯಾಕ ಎದಿ ಬಡಕೋತಿ?"

ಎಂಥ ಮಾತು ನೋಡು. ಹಾಡುವವನು ನಾನು. ಜನರ ನಡುವೆ ನಿಂತು ಮಾನ ಕಳೆದುಕೊಂಡವನು ನಾನು. ಮನೆಯಲ್ಲಿ ಹೆಂಗಸರು ನಾಲ್ಕು ಮಾತು ಆಡುತ್ತಾರೆ, ಅದರಲ್ಲಿ ಒಂದು ಹಾಡಿಗೆ ಒದಗುತ್ತದೆ. ಎಲ್ಲರ ಮನೆಯಲ್ಲೂ ಅಷ್ಟೇ. ಇದನ್ನು ಅವನಿಗೆ ಅಲ್ಲೇ ಹೇಳಬೇಕಿತ್ತು. ಈಗ ವಹಿಗೆ ಹೇಳುತ್ತಿದ್ದೇನೆ.

ಅವನು ಊಟ ಮಾಡದೆ ಹೋದನಲ್ಲ ಅಂತ ಜೈನಬಿ ರೊಟ್ಟಿ ಕಟ್ಟಿಕೊಂಡು ಓಣಿಯ ತುದಿಯವರೆಗೆ ಓಡಿದಳು.

೧೨ ಏಪ್ರಿಲ್

ಅವಳು ಅದನ್ನು ಒಂಬತ್ತು ದಿನಗಳಲ್ಲಿ ಕಟ್ಟಿದ್ದಳು. ಯಾಕೆ ನೆನಪಾಯಿತೋ ಗೊತ್ತಿಲ್ಲ.

೧೯ ಮೇ

ಬಾಲದ ಚುಕ್ಕೆ ಬಂದಿದೆ ಅಂತ ಊರೆಲ್ಲ ನಸುಕಿನಲ್ಲಿ ಎದ್ದು ಮಾಳಿಗೆ ಏರುತ್ತಿದೆ. ಲೋಕಕ್ಕೆ ಕೇಡಂತೆ. ನಾನು ಏಳಲಿಲ್ಲ. ನನ್ನ ಕೇಡು ನನಗೆ ಮೊದಲೇ ಬಂದು ಮುಟ್ಟಿದೆ.

ಕಂಪನಿಗೆ ಇಂಗ್ಲೀಷಿನಲ್ಲಿ ಕಾಗದ ಬರೆಸಿ ಎರಡು ತಿಂಗಳಾಯಿತು. ಉತ್ತರವಿಲ್ಲ. ಈ ಬೇಸಿಗೆಯಲ್ಲಿ ಒಂದೇ ಒಂದು ಊರಿಂದಲೂ ಕರೆಯಿಲ್ಲ. ಮೊದಲಾದರೆ ಲಗ್ನಗಳು ಮುಗಿಯುವ ತನಕ ಮನೆಯ ಅನ್ನ ಉಣ್ಣುತ್ತಿರಲಿಲ್ಲ. ಜೈನಬಿ ತಾನೇ ಹೊಲದ ಕೂಲಿಯಿಂದ ಬಂದವಳಂತೆ ದಣಿದ ಮುಖ ಮಾಡಿಕೊಂಡಿರುತ್ತಾಳೆ. ನನ್ನನ್ನು ನೋಡಿ ನೋಡಿ ದಣಿದಿರಬೇಕು.

ಹುನಗುಂದ, ೨೧ ಜೂನ್

ತಂಗಿಯ ಗಂಡನ ಗೋಡೆಯ ತಂಟೆಗೆ ಸಾಕ್ಷಿ ಹೇಳಲು ಕಚೇರಿಗೆ ಬಂದಿದ್ದೆ. ಕೂಗುವ ತನಕ ಹೊರಗೆ ಗಿಡದ ಕೆಳಗೆ ಕೂತಿದ್ದೆ. ಒಬ್ಬ ಕಾರಕೂನ ನನ್ನ ಗುರುತು ಹಿಡಿದ. ನಾನು ಯಾರೆಂದಲ್ಲ, ಹಾಡುಗಾರ ಎಂದಷ್ಟೇ.

"ಪೆಟ್ಟಿಗಿ ಹಾಡ ಬರ್ತೈತೇನ್ರಿ? ಕೂಸು ಯಾರ ಹೆಸರ ಹೇಳತೈತಿ ಅನ್ನೂದು? ಒಂದ ನುಡಿ ಆಗಲಿ."

ಇಲ್ಲ ಅನ್ನಬೇಕಿತ್ತು. ಇಲ್ಲ ಅನ್ನಲಿಕ್ಕೂ ತ್ರಾಣ ಬೇಕು. ಹಾಡಿದೆ. ಮಾಳಪ್ಪನ ಸವಾಲನ್ನು ಪೂರಾ, ಅವನದೇ ಎಳೆತದಲ್ಲಿ ಹಾಡಿದೆ. ಕಚೇರಿಯ ಜನ ತಲೆದೂಗಿದರು, ವಕೀಲರೊಬ್ಬರು ವೀಳ್ಯ ಕೊಟ್ಟರು. "ಇದಕ್ಕ ಜವಾಬ ಇಲ್ಲ ಬಿಡ್ರಿ" ಅಂದ ಕಾರಕೂನ. ನಾನು ಹೌದು ಅಂದೆ.

ನನ್ನ ಸೋಲನ್ನು ನಾನೇ ಹಾಡಿ, ವೀಳ್ಯ ತಿಂದು ಬಂದೆ. ಇದಕ್ಕಿಂತ ಕೆಳಗೆ ಇಳಿಯಲಿಕ್ಕೆ ಮೆಟ್ಟಿಲಿದ್ದರೆ ಯಾರಾದರೂ ತೋರಿಸಲಿ.

ಇಳಕಲ್ಲ, ೧೭ ಜುಲೈ

ಇವತ್ತು ಹೇಳಿಬಿಟ್ಟೆ. ಹೇಳಬೇಕೆಂದು ಹೇಳಿದ್ದಲ್ಲ. ಮಗ್ಗದಲ್ಲಿ ಎಳೆ ಕಡಿಯಿತು, ಕಟ್ಟುತ್ತ ಕೂತಿದ್ದೆ. ಜೈನಬಿ ಕಂಡಿಕೆ ತಂದಿಟ್ಟು ಅಲ್ಲೇ ನಿಂತಳು.

"ಖರೆ ಹೇಳ್ರಿ. ಜವಾಬ ಬಂದಿಲ್ಲ ಹೌದಲ್ಲೋ?"

ಊರೇ ಹಾಡುತ್ತಿರುವಾಗ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಐದು ತಿಂಗಳು ಅವಳಿಂದ ಮುಚ್ಚಿಟ್ಟೆ ಅಂದುಕೊಂಡಿದ್ದವನು ನಾನು. ಎಲ್ಲ ಹೇಳಿದೆ. ಬಾಗಲಕೋಟೆ, ಕೆರೂರ, ಹುನಗುಂದದ ವೀಳ್ಯವನ್ನೂ ಬಿಡಲಿಲ್ಲ. ನನಗೆ ಸಾಕಾಗಿದೆ, ತುಂತುಣಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದೆ. ಅವಳು ಸಮಾಧಾನ ಹೇಳಬಹುದು ಅಂತ ಕಾದೆ.

ಅವಳು ಕೇಳಿದ್ದು ಬೇರೆ. "ಆ ಪ್ಲೇಟ ನೀವು ಕೈಯಾಗ ಹಿಡದ ನೋಡೀರೇನು?"

"ಇಲ್ಲ. ಅಮಾತೆಪ್ಪ ಯಾರಿಗೂ ಮುಟ್ಟಗೊಡೂದಿಲ್ಲ."

"ಹಂಗಾರ ತಿರುವಿ ನೋಡಿಲ್ಲ."

"ಏನ ತಿರುವೂದು?"

"ಸೆರಗ ತಿರುವಿ ನೋಡದ ಯಾರೂ ಸೀರಿ ತಗೊಳ್ಳೂದಿಲ್ಲ. ಎರಡು ಹಾಡ ಹಾಡಿ ಬಂದೀರಿ, ಒಂದು ಪ್ಲೇಟ ಬಂದೈತಿ. ಅದರ ಹಿಂದಿನ ಮೈ ಹೆಂಗೈತಿ ಅಂತ ಒಬ್ಬರರ ನೋಡಬ್ಯಾಡೇನು?"

ನಕ್ಕೆ. ಪೆಟ್ಟಿಗೆಯನ್ನು ಕಣ್ಣಿಂದ ಕಂಡವಳಲ್ಲ, ಅದರ ಶಾಸ್ತ್ರ ಹೇಳುತ್ತಾಳೆ. ಅಮಾತೆಪ್ಪನ ಪ್ಲೇಟುಗಳ ಹಿಂಬದಿ ನುಣ್ಣಗೆ ಇರುತ್ತದೆ, ಅವನು ಅದರ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದ್ದನ್ನು ನಾನೇ ನೋಡಿದ್ದೇನೆ. ಹಾಗಂತ ಹೇಳಿದೆ. "ಇರಬೇಕ್ರಿ" ಅಂದು ಅವಳು ರಾಟೆಗೆ ಹೋದಳು.

ಕೂತು ಏನೋ ಗುನುಗುತ್ತಿದ್ದಳು. ಕಿವಿಗೊಟ್ಟೆ. ಆ ಜವಾಬೇ. ಅವಳು ಅದನ್ನು ನನಗಿಂತ ನಿಧಾನವಾಗಿ ಹೇಳುತ್ತಾಳೆ. ಎರಡನೆಯ ಸಾಲಿನಲ್ಲಿ ನಾನು ಏರಿಸುವ ಕಡೆ ಅವಳು ಇಳಿಸುತ್ತಾಳೆ. ಇಳಿಸಿದರೇ ಚೆನ್ನಾಗಿದೆ. ಒಂಬತ್ತು ದಿನ ಅವಳು ಇದೇ ರಾಟೆಯ ಮುಂದೆ ಒಂದೊಂದೇ ಮಾತು ಹುಡುಕಿ, ಸಂಜೆ ನನಗೆ ಹೇಳಿ, ನಾನು ಬೇಡ ಅಂದದ್ದನ್ನು ಮರುದಿನ ಬೇರೆ ಮಾಡಿ ಕೊಡುತ್ತಿದ್ದಳು. ನಾನು ಕೊಟ್ಟದ್ದು ಧಾಟಿ. ಧಾಟಿಯೂ ಹಳೆಯದು.

ಬಾದಾಮಿ, ೨೩ ಆಗಸ್ಟ್, ಮಂಗಳವಾರ

ನಿಧಾನವಾಗಿ ಬರೆಯುತ್ತೇನೆ.

ಅಮಾತೆಪ್ಪ ಬಾದಾಮಿಯಲ್ಲಿದ್ದಾನೆ ಅಂತ ತಿಳಿಯಿತು. ಮಾಳಪ್ಪನೂ ಇಲ್ಲೇ ಬಂದಿದ್ದ. ಆ ಜಗಳದ ನಂತರ ಮೊದಲ ಸಲ ಎದುರಾದೆವು. ಅವನಿಂದಲೇ ಗೊತ್ತಾಯಿತು, ಏಪ್ರಿಲಿನಿಂದ ಅವನು ಎಲ್ಲೂ ಹಾಡಿಲ್ಲ. ಬಾದಾಮಿಯವರಿಗೂ ಹುನಗುಂದದವರಿಗೂ ಬರುವುದಿಲ್ಲ ಅಂತ ಹೇಳಿ ಕುರಿ ಕಾಯುತ್ತಿದ್ದನಂತೆ. "ಎದುರಿಗೆ ನೀ ಇಲ್ದ ಯಾರಿಗೆ ಸವಾಲ ಹಾಕ್ಲೋ? ಕುರಿಗೆ ಹಾಕ್ತೇನಿ, ಅವು ಬ್ಯಾ ಅಂತಾವ" ಅಂದ. ಒಂದೇ ಎಲೆಯಲ್ಲಿ ರೊಟ್ಟಿ ತಿಂದೆವು.

ಅಮಾತೆಪ್ಪ ಪೆಟ್ಟಿಗೆ ಇಟ್ಟದ್ದು ಅಗಸ್ತ್ಯತೀರ್ಥದ ಹಾದಿಯಲ್ಲಿ, ಒಂದು ಅಂಗಡಿಯ ಮುಂದೆ. ಜನ ಆಗಲೇ ಕೂಡಿದ್ದರು. ನಾನು ಹತ್ತಿರ ಹೋಗಿ, ಹಿಂದಿನ ಮೈ ತೋರಿಸು ಅಂದೆ.

"ಹಿಂದ ಏನಿರ್ತೈತ್ರಿ? ಪರಾತದ ತಳ ಇದ್ದಂಗ ಇರ್ತೈತಿ."

"ತೋರಸೋ ಮಾರಾಯ, ನಿನ್ನ ಗಂಟೇನ ಹೋಗ್ತೈತಿ?" ಅಂದ ಮಾಳಪ್ಪ.

ಅವನು ಗೊಣಗುತ್ತ ಅರಿವೆ ಬಿಚ್ಚಿ ತಿರುವಿದ. ಹಿಂಬದಿಯಲ್ಲೂ ಕಾಗದದ ಬಿಲ್ಲೆ, ಅದರ ಸುತ್ತ ಎಳೆ ಎಳೆಯಾಗಿ ಗೆರೆ. ಮುಂದಿನ ಮೈಯಲ್ಲಿ ಇದ್ದ ಹಾಗೆಯೇ. ಅಮಾತೆಪ್ಪ ಬೇರೆ ಎರಡು ಪ್ಲೇಟು ತೆಗೆದು ತಿರುವಿ ನೋಡಿದ. ಅವು ನುಣ್ಣಗಿದ್ದವು. "ಇದು ಹೊಸಾ ನಮೂನಿ ಇರಬೇಕ್ರಿ" ಅಂದ. "ನಾ ಇಷ್ಟ ದಿನ ತಳಾ ಅಂತ ತಿಳದಿದ್ದೆ. ಬಿಲ್ಲಿ ಮ್ಯಾಗ ಇಂಗ್ಲೀಷಿನ್ಯಾಗ ಬರದಾರ, ಯಾಂವ ಓದ್ಬೇಕು?"

ಆರು ತಿಂಗಳು! ನನ್ನ ಜವಾಬು ಸವಾಲಿನ ಬೆನ್ನಿಗೇ ಅಂಟಿಕೊಂಡು ಊರೂರು ತಿರುಗಿದೆ. ಒಬ್ಬನೂ ತಿರುವಲಿಲ್ಲ, ನಾನೂ ತಿರುವಲಿಲ್ಲ.

ಅಮಾತೆಪ್ಪ ಕೀಲಿ ತಿರುವಿ, ಪ್ಲೇಟು ಇಟ್ಟು, ಮುಳ್ಳು ಎತ್ತಿದ. ಮಾಳಪ್ಪ ಜನರಿಗೆ ಕೈ ಮಾಡಿ ಕರೆಯುತ್ತಿದ್ದ. "ಬರ್ರಿ, ಬರ್ರಿ, ಹುಸೇನಸಾಬನ ಜವಾಬ ಕೇಳಬರ್ರಿ! ಕೆರೂರ ಕನಕಪ್ಪಜ್ಜನ್ನೂ ಕರಸ್ರಿ!" ನಾನು ಇಷ್ಟು ದಿನ ಬೇಡಿದ್ದು ಇದನ್ನೇ ಅಲ್ಲವೇ? ಆದರೆ ನಾನು ಅಮಾತೆಪ್ಪನ ಕೈ ಹಿಡಿದೆ.

"ಇಲ್ಲಿ ಬ್ಯಾಡ. ಮೊದಲ ಇಳಕಲ್ಲಕ್ಕ ಬಾ, ನಮ್ಮ ಮನಿಗೆ. ಆಮ್ಯಾಲ ಎಲ್ಲಿ ಬೇಕಾದಲ್ಲಿ ಹಚ್ಚು."

ಮಾಳಪ್ಪ ನನ್ನ ಮುಖ ನೋಡಿದ. ಯಾಕೆ ಹಾಗಂದೆನೋ ನನಗೂ ತಿಳಿಯದು. ಬಿಸಿಲಿತ್ತು, ದಣಿದಿದ್ದೆ.

ಇಳಕಲ್ಲ, ೧ ಸೆಪ್ಟೆಂಬರ್, ಗುರುವಾರ

ಅಮಾತೆಪ್ಪ ಮಾತು ಉಳಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ನಮ್ಮ ಪಡಸಾಲೆಯಲ್ಲಿತ್ತು. ಜೈನಬಿ ಅದಕ್ಕೆ ತನ್ನ ಹೊಸ ಚಾದರ ಹಾಸಿದ್ದಳು. ಪಕ್ಕದ ಮನೆಯ ಲಾಡಬಿ, ಎದುರು ಮನೆಯ ರಂಗವ್ವ, ಓಣಿಯ ಇನ್ನಷ್ಟು ಹೆಂಗಸರು ಒಳಗಿನ ಬಾಗಿಲಲ್ಲಿ ಕೂಡಿದರು. ಮಾಳಪ್ಪ ಹೊರಗಿನ ಕಟ್ಟೆಯಲ್ಲೇ ಕೂತ. ಜೈನಬಿ ರಾಟೆ ಬಿಟ್ಟು ಬರಲಿಲ್ಲ. "ಇಲ್ಲೇ ಕೇಳಸತೈತಿ" ಅಂದಳು.

ಮೊದಲು ಸವಾಲು ಹಚ್ಚಿಸಿದೆ, ಪದ್ಧತಿಯ ಪ್ರಕಾರ. ಆಮೇಲೆ ಅಮಾತೆಪ್ಪ ಪ್ಲೇಟು ತಿರುವಿದ.

ಪ್ಯಾಟ್ಯಾಗ ಸೀರಿಗೆ ಸಾವಕಾರನ ಹೆಸರ,
ನೇದ ಕೈ ಯಾವದಂತ ಕೇಳವರ ಯಾರ?
ಸೆರಗ ಹಿಡದ ನೋಡ, ಎಳಿ ಎಳಿ ಹೇಳತಾವ,
ಹೆಸರಿಲ್ಲದ ಕೈ ಇದಕ ಹಡದವ್ವಾ.
ಕೂಸಿನ ಹೆಸರ ಊರ ಮಂದಿಗೆ ಬೇಕ,
ಕೂಸಿಗೆ ಬೇಕಾದ್ದು ಹೆಸರಲ್ಲ, ಹಡದವ್ವಾ.

ರಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲಾಡಬಿ "ಯಾ ಅಲ್ಲಾ" ಅಂದಳು. ನಾನು ಜೈನಬಿಯನ್ನೇ ನೋಡುತ್ತಿದ್ದೆ. ರಾಟೆ ನಿಂತಿತ್ತು. ಹಗಲಿನಲ್ಲಿ ಅವಳ ಕೈ ನಿಂತದ್ದನ್ನು ನಾನು ಕಂಡದ್ದು ಇವತ್ತೇ. ಅವಳ ತುಟಿ ಮಾತ್ರ ಪೆಟ್ಟಿಗೆಯ ಜೊತೆಗೆ ಅಲ್ಲಾಡುತ್ತಿತ್ತು, ಒಂದು ಅಕ್ಷರವೂ ಹಿಂದೆ ಮುಂದೆ ಆಗದ ಹಾಗೆ. ಇಷ್ಟು ದಿನದ ದಣಿವೆಲ್ಲ ಇಳಿದುಹೋಯಿತು ಅನ್ನಿಸಿತು.

ಹಾಡು ನಿಂತಿತು. ಪ್ಲೇಟು ನಿಲ್ಲಲಿಲ್ಲ. ಕರಕರ ಅನ್ನುತ್ತ ಇನ್ನೊಂದು ಸುತ್ತು ಹೋಗಿ, ಗಟ್ಟಿಯಾಗಿ, ಸಂತೆಯಲ್ಲಿ ಕೂಗುವ ಹಾಗೆ, ನನ್ನದೇ ದನಿ:

"ಈ ಜವಾಬ ತನ್ನ ಬುದ್ಧಿಲೆ ಕಟ್ಟಿ ಹಾಡಿದಾಂವ, ಇಳಕಲ್ಲ ಹುಸೇನಸಾಬ!"

ನಾನು ಅದನ್ನು ಮರೆತೇ ಬಿಟ್ಟಿದ್ದೆ. ನನ್ನ ಹಾಡು ಮೂರು ಮಿನಿಟಿಗಿಂತ ಸ್ವಲ್ಪ ಮೊದಲೇ ಮುಗಿದಿತ್ತು. ದನಿ ಹಿಡಿಯುವ ಮೇಣದ ತಟ್ಟೆ ಇನ್ನೂ ತಿರುಗುತ್ತಿತ್ತು. ಸಾಹೇಬ ಗಡಿಯಾರ ತೋರಿಸಿ, ಏನಾದರೂ ಹೇಳು ಅಂತ ಕೈ ಬೀಸಿದ. ಅಷ್ಟು ಸಣ್ಣ ಜಾಗ ಉಳಿದಿತ್ತು, ಒಂದು ಹೆಸರು ಹಿಡಿಸುವಷ್ಟು. ನನ್ನ ಬಾಯಿಗೆ ಬಂದದ್ದು ಅದು. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆಲ್ಲ ಗೊತ್ತಿತ್ತು. ಆ ಒಂಬತ್ತು ದಿನ ಅವರೂ ಇದೇ ರಾಟೆಯ ಸುತ್ತ ಕೂತು ಹೋಗುತ್ತಿದ್ದವರು. ಹೊರಗೆ ಕಟ್ಟೆಯ ಮೇಲೆ ಮಾಳಪ್ಪ ಕೆಮ್ಮಿದ. ನನ್ನ ಜೀವಮಾನದಲ್ಲಿ ಇಷ್ಟು ನಾಚಿಕೆ ನನಗೆ ಆದದ್ದಿಲ್ಲ. ಕೆರೂರಲ್ಲಿ ನೂರು ಜನ ನಕ್ಕಾಗಲೂ ಆಗಿರಲಿಲ್ಲ. ಅವಳ ಕಡೆ ತಿರುಗಿ ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ. ಹನ್ನೆರಡು ವರ್ಷ ಸವಾಲಿಗೆಲ್ಲ ನಿಂತ ನಿಲುವಿನಲ್ಲಿ ಜವಾಬು ಕೊಟ್ಟವನಿಗೆ ಒಂದು ಮಾತೂ ಸಿಗಲಿಲ್ಲ.

ಜೈನಬಿ ರಾಟೆಯ ಮೇಲೆ ಕಡಿದಿದ್ದ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಳುವೂ ಇರಲಿಲ್ಲ. ಅಮಾತೆಪ್ಪ ಪ್ಲೇಟಿಗೆ ಅರಿವೆ ಸುತ್ತಲು ಹೋದ. ಅವಳು ಬೇಡ ಅಂತ ಕೈ ಮಾಡಿ, ನನ್ನ ಕಡೆ ನೋಡಿ ಅಂದಳು:

"ಛಲೋ ಬಂದೈತ್ರಿ. ಇನ್ನೊಮ್ಮೆ ಹಚ್ಚಸ್ರಿ. ಹೆಸರ ಬರೂದರೊಳಗ ಮುಳ್ಳ ಎತ್ರಿ."

ಅಮಾತೆಪ್ಪ ಕೀಲಿ ತಿರುವಿದ. ನಾನು ಪೆಟ್ಟಿಗೆಯ ಪಕ್ಕದಲ್ಲಿ ಮೊಣಕಾಲೂರಿ ಕೂತೆ. ಹಾಡು ಕೊನೆಯ ಸಾಲಿಗೆ ಬಂದಾಗ ಮುಳ್ಳನ್ನು ನನ್ನ ಕೈಯಿಂದಲೇ ಎತ್ತಿದೆ.